ಹಕಾರ ಸವೆದ ಧಾತು

ಆಷಾಢದ ಮೋಡ ಬೂದಿಬಣ್ಣದಿಂದ ಕಡುನೀಲಿಗೆ ತಿರುಗುತ್ತಿತ್ತು. ಧಾರವಾಡದ ಸಂತೆಯ ಅಂಚಿನಲ್ಲಿ ಅಜ್ಜಿಯೊಬ್ಬಳು ರಾಜಗಿರಿ ಪಲ್ಲೆಯ ಸಿವುಡುಗಳನ್ನು, ಕೆನ್ನೇರಳೆ ದಂಟುಗಳೆಲ್ಲ ಒಂದೇ ಕಡೆ ಬರುವಂತೆ, ಬುಟ್ಟಿಗೆ ಹೊಂದಿಸುತ್ತಿದ್ದಳು. ತಲೆ ಎತ್ತದೆಯೇ ಅಂದಳು: 'ಮಳಿ ಬರಾಕತ್ತೈತಿ.'

ನಾನು ಕಾದಿದ್ದುದು ಆ ಮಾತಿನ ಬಾಲಕ್ಕೆ. 'ಬರಾಕ ಹತ್ತೈತಿ' ಎಂಬಲ್ಲಿನ ಹಕಾರ ಉಸಿರಿನಲ್ಲಿ ಕರಗಿ ಎರಡು ಪದ ಒಂದಾಗಿ ಅಂಟಿವೆ. ಅಂಟುವುದೇ ಹತ್ತು ಎಂಬ ಈ ಧಾತುವಿನ ಹುಟ್ಟುಗುಣ. ಗಿಡ ಹತ್ತುತ್ತಾರೆ, ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಹಾಲು ತಳಕ್ಕೆ ಹತ್ತುತ್ತದೆ. ಎಲ್ಲದರಲ್ಲೂ ಒಂದೇ ಚಲನೆ: ಮುಟ್ಟುವುದು, ಮುಟ್ಟಿ ಬಿಡದೆ ಹಿಡಿಯುವುದು.

ಸುಮ್ಮನೆ ಕಿವಿಗೊಟ್ಟು ಕೂತರೆ ರೂಪಗಳು ತಾವಾಗಿಯೇ ಹೊರಬರುತ್ತವೆ. ಸೈಕಲ್ ಮೇಲಿನ ಹುಡುಗ 'ಬರಾಕತ್ತೀನಿ, ತಡೀಬೇ ಯವ್ವಾ' ಅನ್ನುತ್ತಾನೆ. ಅವನನ್ನು ಕುರಿತು 'ಬರಾಕತ್ತಾನ', ಹೆಣ್ಣುಮಕ್ಕಳ ಗುಂಪಿಗೆ 'ಬರಾಕತ್ತಾರ'. ಕೆಲವು ಓಣಿಗಳಲ್ಲಿ ಇದೇ 'ಬರಲಿಕ್ಕತ್ತೇನಿ'. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಒಂದು ಜೋಡಿ. 'ಕೂಸು ಅಳಾಕ ಹತ್ತಿತು' ಅಂದರೆ ಅಳು ಆಗಷ್ಟೇ ಶುರುವಾಯಿತು. 'ಅಳಾಕ ಹತ್ತಿತ್ತು' ಅಂದರೆ ಅಳು ಸಾಗಿಯೇ ಇತ್ತು. ಕೊನೆಯ ತಕಾರಕ್ಕೆ ಬಿದ್ದ ಒತ್ತೊಂದೇ ಇವೆರಡನ್ನು ಬೇರ್ಪಡಿಸುತ್ತದೆ. ನಾಲಗೆಯ ತುದಿ ಹಲ್ಲಿನ ಹಿಂದೆ ಒಂದು ಕ್ಷಣ ಹೆಚ್ಚು ನಿಂತರೆ ಸಾಕು, ಕೂಸು ಎಷ್ಟೋ ಹೊತ್ತಿನಿಂದ ಅತ್ತಿರುತ್ತದೆ.

ಹಳಗನ್ನಡದಲ್ಲಿ ಈ ಧಾತು ಪತ್ತು. ಹತ್ತನೆಯ ಶತಮಾನದ ಸುಮಾರಿನಿಂದ ಶಾಸನಗಳಲ್ಲಿ ಪಕಾರ ಹಕಾರವಾಗುತ್ತ ಬಂತು. ಹುಬ್ಬಳ್ಳಿ-ಧಾರವಾಡಗಳಲ್ಲಿ ಓಡಾಡಿದ ಕಿಟೆಲ್ ತಮ್ಮ 1894ರ ನಿಘಂಟಿನಲ್ಲಿ ಎರಡೂ ರೂಪಗಳಿಗೆ ಜಾಗ ಕೊಟ್ಟರು. ಮೂರನೆಯ ರೂಪ, ಹಕಾರವೂ ಸವೆದದ್ದು, ಈಗ ಈ ಸಂತೆಯ ನಾಲಗೆಗಳ ಮೇಲಿದೆ.

ಪ್ರಾಚೀನ ಗ್ರೀಕಿನ 'ಹಪ್ತೋ' ಇದಕ್ಕೆ ನಂಟಲ್ಲ, ಆದರೂ ಅದರ ನಡೆ ಕಂಡು ಬೆರಗಾದೆ. ಕರ್ತರಿಯಲ್ಲಿ ಅದಕ್ಕೆ ಬಿಗಿ ಎಂದೂ ಅರ್ಥ, ಬೆಂಕಿ ಹಚ್ಚು ಎಂದೂ ಅರ್ಥ. 'ಹಪ್ತೊಮಾಯ್' ಎಂಬ ಮಧ್ಯಮ ರೂಪದಲ್ಲಿ ಮುಟ್ಟು, ಹಿಡಿ, ಕೆಲಸಕ್ಕೆ ಕೈಹಚ್ಚು. ಅಲ್ಲಿಯೂ ಮೊದಲಿನ ಹಕಾರ ಕಾಲಕ್ರಮದಲ್ಲಿ ಅಳಿಯಿತು. ಇಂದಿನ ಗ್ರೀಕರ ಬಾಯಲ್ಲಿ ಅದು ಇಲ್ಲ.

ಧಾರವಾಡದಲ್ಲಿ ಅದು ಪೂರ್ತಿ ಹೋಗಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದವನೊಬ್ಬ 'ಬರಾಕತ್ತೀನಿ' ಎಂದು ಎರಡು ಸಲ ಅಂದ. ಆಚೆಯವರಿಗೆ ಕೇಳಿಸಲಿಲ್ಲ. ಮೂರನೆಯ ಸಲ ಪದ ಬಿಡಿಸಿ ಕೂಗಿದ: 'ಬರಾಕ ಹತ್ತೀನೋ!' ಹಕಾರ ಎದೆಯಿಂದಲೇ ಬಂತು, ತುಂಬು ಉಸಿರಿನೊಡನೆ.