ಕಾಯಿ ಕೀಳೋರು ಸಿಕ್ತಾರಾ?

ಇವತ್ತು ರಾಜಕೀಯ ಬೇಡ. ಇವತ್ತು ಒಂದು ಆಪ್ ಕಥೆ. ಆಪ್ ಅಂದ್ರೆ ಪಕ್ಷ ಅಲ್ಲ, ನಿಮ್ಮ ಮೊಬೈಲ್‌ನಲ್ಲಿ ಇರುತ್ತಲ್ಲ, ಅದು.

ಮೊನ್ನೆ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಅಲ್ಲಿಗೆ ಹೋದವರೆಲ್ಲ ದೊಡ್ಡಬೆಟ್ಟ ಹತ್ತಿ, ಗೊಮ್ಮಟನಿಗೆ ಕೈಮುಗಿದು ವಾಪಸ್ ಬಂದುಬಿಡ್ತಾರೆ. ಚಿಕ್ಕಬೆಟ್ಟದ ಆಚೆ ಇರೋ ಜಿನನಾಥಪುರಕ್ಕೆ ಹೋಗೋರು ಕಮ್ಮಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ ಊರು ಅದು. ಅಲ್ಲಿನ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪ ನೋಡ್ತಾ ನಿಂತಿದ್ದಾಗ ಒಬ್ಬ ಹುಡುಗ ಬಂದ. ಇಂಜಿನಿಯರಿಂಗ್ ಮುಗಿಸಿದವನು. "ಅಣ್ಣಾ, ನಾನೊಂದು ಸ್ಟಾರ್ಟಪ್ ಮಾಡ್ತಿದ್ದೀನಿ, ಐದು ನಿಮಿಷ ನೋಡ್ತೀರಾ?" ಅಂದ.

ತೆಂಗು ಬೆಳೆಗಾರರಿಗೆ ಒಂದು ಆಪ್. ಒಳಗೆ ಏನುಂಟು ಏನಿಲ್ಲ! ಕೊಬ್ಬರಿ ರೇಟು, ಹವಾಮಾನ, ಗೊಬ್ಬರದ ಲೆಕ್ಕ, ವ್ಯಾಪಾರಿಗಳ ಪಟ್ಟಿ, ಕನ್ನಡದಲ್ಲಿ ಕೇಳಿದ್ರೆ ಉತ್ತರ ಕೊಡೋ ಎಐ. ಹದಿನಾಲ್ಕು ತಿಂಗಳ ಕೆಲಸ. ದುಡ್ಡು ಎಲ್ಲಿಂದ? ಅಪ್ಪ ಕಾಯಿ ಮಾರಿದ ದುಡ್ಡು.

"ಎಷ್ಟು ಜನ ಉಪಯೋಗಿಸ್ತಿದ್ದಾರೆ?"

"ಇನ್ನೂ ಬಿಟ್ಟಿಲ್ಲ ಅಣ್ಣಾ. ಪೂರ್ತಿ ಆಗ್ಲಿ ಅಂತ."

ಕಾಫಿಗೆ ಮನೆಗೆ ಕರೆದುಕೊಂಡು ಹೋದ. ನಮ್ಮ ಮಾತೆಲ್ಲ ಕೇಳಿಸಿಕೊಂಡ ಅವರಮ್ಮ ಲೋಟ ಕೈಗೆ ಕೊಡ್ತಾ ಮಗನಿಗೆ ಒಂದೇ ಪ್ರಶ್ನೆ ಕೇಳಿದ್ರು: "ಅದೆಲ್ಲಾ ಸರಿ ಕಣಪ್ಪಾ. ಅದ್ರಲ್ಲಿ ಕಾಯಿ ಕೀಳೋರು ಸಿಕ್ತಾರಾ?"

ಹುಡುಗ ಸುಮ್ಮನಾದ. ಹಿತ್ತಲ ಮರಗಳಲ್ಲಿ ಕಾಯಿ ಬಲಿತು ತಾನಾಗೇ ಉದುರ್ತಾ ಇತ್ತು. ಮರ ಹತ್ತೋರು ಸಿಗ್ತಿಲ್ಲ. ಹದಿನಾಲ್ಕು ತಿಂಗಳಲ್ಲಿ ಅವನು ಅಮ್ಮನನ್ನೇ ಕೇಳಿರಲಿಲ್ಲ.

ನಗಬೇಡಿ. ನಾನೂ ಇದೇ ತಪ್ಪು ಮಾಡಿದವನು. ಇಂಜಿನಿಯರಿಂಗ್ ಕೊನೇ ವರ್ಷ ನಾವು ಮೂವರು ಗೆಳೆಯರು ಪರೀಕ್ಷೆ ನೋಟ್ಸ್‌ಗೆ ಒಂದು ವೆಬ್‌ಸೈಟ್ ಕಟ್ಟಿದ್ವಿ. ಎಂಟು ತಿಂಗಳು ನಿದ್ದೆಗೆಟ್ಟಿದ್ವಿ. ಬಿಟ್ಟ ದಿನ ಗೊತ್ತಾಯ್ತು, ನಮ್ಮ ಕ್ಲಾಸಿನವರಿಗೆ ಕಾಲೇಜು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯೇ ಸಾಕಾಗಿತ್ತು!

ಸ್ಟಾರ್ಟಪ್ ಅಂದ ತಕ್ಷಣ 'ಸ್ಪೀಡು' ಅಂತಾರೆ. ಸ್ಪೀಡು ಅಂದ್ರೆ ಏನು? ರಾತ್ರಿಯೆಲ್ಲ ಕೂತು ಬೇಗ ಬೇಗ ಕೋಡ್ ಬರೆಯೋದಾ? ಅಲ್ಲ. ನಾವು ಎಲ್ಲಿ ತಪ್ಪಿದ್ದೀವಿ ಅನ್ನೋದು ಬೇಗ ಗೊತ್ತಾಗೋ ಹಾಗೆ ಕೆಲಸ ಮಾಡೋದು. ಬೇಡದ ವಸ್ತುವನ್ನ ಎಷ್ಟು ವೇಗವಾಗಿ ಕಟ್ಟಿದ್ರೂ ಅದು ಬೇಡದ ವಸ್ತುವೇ.

ಬೆಂಗಳೂರಿನದೇ ಉದಾಹರಣೆ ಕೊಡ್ತೀನಿ. ರೆಡ್‌ಬಸ್. 2005ರ ದೀಪಾವಳಿಗೆ ಫಣೀಂದ್ರ ಸಾಮ ಅನ್ನೋ ಇಂಜಿನಿಯರ್‌ಗೆ ಹೈದರಾಬಾದ್‌ಗೆ ಬಸ್ ಟಿಕೆಟ್ ಸಿಗಲಿಲ್ಲ. ಯಾವ ಬಸ್ಸಲ್ಲಿ ಸೀಟಿದೆ ಅಂತ ಒಂದೇ ಕಡೆ ಗೊತ್ತಾಗೋ ವ್ಯವಸ್ಥೆಯೇ ಇರಲಿಲ್ಲ. ಗೆಳೆಯರ ಜೊತೆ ಸೇರಿ ಬಸ್ ಮಾಲೀಕರಿಗೆ ಸಾಫ್ಟ್‌ವೇರ್ ಕೊಡೋಣ ಅಂತ ಹೊರಟರು. ಮಾಲೀಕರು ತಗೊಂಡ್ರಾ? ಇಲ್ಲ. ಅವರಿಗೆ ಬೇಕಿದ್ದದ್ದು ಸಾಫ್ಟ್‌ವೇರ್ ಅಲ್ಲ, ಸೀಟು ಭರ್ತಿ ಆಗೋದು. ಇವರು ಹಟ ಹಿಡಿದು ಅದೇ ಸಾಫ್ಟ್‌ವೇರ್‌ಗೆ ಇನ್ನೂ ಹತ್ತು ಸೌಲಭ್ಯ ಸೇರಿಸ್ತಾ ಕೂರಲಿಲ್ಲ. "ಕೆಲವು ಸೀಟು ನಮಗೆ ಕೊಡಿ, ಮಾರಿಕೊಡ್ತೀವಿ" ಅಂದ್ರು. 2006ರಲ್ಲಿ ಶುರುವಾಗಿದ್ದು ಹಾಗೆ. ನಂಬಿಕೆ ಬೆಳೆದ ಮೇಲೆ ಮಾಲೀಕರಿಗೆ ಸಾಫ್ಟ್‌ವೇರೂ ಹೋಯ್ತು. 2013ರಲ್ಲಿ ಐಬಿಬೋ ಗುಂಪು ರೆಡ್‌ಬಸ್ಸನ್ನು ಕೊಂಡುಕೊಂಡಿತು. ಇದಕ್ಕೆ ಸ್ಟಾರ್ಟಪ್ ಭಾಷೆಯಲ್ಲಿ ಎಂವಿಪಿ ಅಂತಾರೆ. ಮಿನಿಮಮ್ ವಯಬಲ್ ಪ್ರಾಡಕ್ಟ್. ಒಬ್ಬ ಗಿರಾಕಿಯ ಒಂದು ಕಷ್ಟ ನಿಜವಾಗಿ ತೀರಿಸೋ ಅತಿ ಚಿಕ್ಕ ವಸ್ತು.

ಇದು ಖಾಸಗಿಯವರಿಗೆ ಮಾತ್ರಾನಾ? ನಿಮ್ಮ ಮನೆಯ ಪಹಣಿ ತೆಗೆದು ನೋಡಿ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಕಂಪ್ಯೂಟರ್‌ಗೆ ಹಾಕಿದ್ರು. ಅಷ್ಟನ್ನೂ ಒಂದೇ ದಿನ, ಇಡೀ ರಾಜ್ಯದಲ್ಲಿ ಶುರು ಮಾಡಿದ್ರಾ? ಇಲ್ಲ. ಮೊದಲು ಮದ್ದೂರಿನಂಥ ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ, ಎಡವಿದ್ದನ್ನ ತಿದ್ದಿಕೊಂಡು, ಆಮೇಲೆ ರಾಜ್ಯಕ್ಕೆ ಹರಡಿದ್ರು. ಇನ್ನೊಂದು ಗಟ್ಟಿ ತೀರ್ಮಾನವೂ ಇತ್ತು. ಕಂಪ್ಯೂಟರ್ ಪಹಣಿ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಬಂದ್. ಹಳೇದೂ ಇರಲಿ ಹೊಸದೂ ಇರಲಿ ಅಂದಿದ್ರೆ ಹಳೇದೇ ಗೆಲ್ತಿತ್ತು. ಏನು ಮಾಡಬೇಕು ಅನ್ನೋದರ ಜೊತೆ ಏನನ್ನ ನಿಲ್ಲಿಸಬೇಕು ಅಂತ ಹೇಳೋದೂ ತಂತ್ರವೇ.

ಸರಿ, ಬೇಗ ಬೇಗ ಬಿಟ್ಟರೆ ಕೆಟ್ಟು ಹೋಗಲ್ವಾ? ನ್ಯಾಯವಾದ ಪ್ರಶ್ನೆ. 2012ರ ಆಗಸ್ಟ್ 1. ಅಮೆರಿಕದ ಷೇರು ವ್ಯವಹಾರದ ಕಂಪನಿ ನೈಟ್ ಕ್ಯಾಪಿಟಲ್. ಹೊಸ ಸಾಫ್ಟ್‌ವೇರನ್ನ ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು, ಏಳಕ್ಕೆ ಹಾಕಿ ಒಂದನ್ನ ಮರೆತರು. ಆ ಒಂದರಲ್ಲಿ ಹಳೇ ಕೋಡ್ ಎದ್ದು ಕೂತು ತಪ್ಪು ವ್ಯವಹಾರ ಮಾಡ್ತಾ ಹೋಯ್ತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ನಷ್ಟ! ಹಾಗಾಗಿ ಬೇಗ ಅಂದ್ರೆ ಬೇಕಾಬಿಟ್ಟಿ ಅಲ್ಲ. ಇನ್ನೂರು ಬದಲಾವಣೆ ಒಟ್ಟಿಗೆ ಬಿಟ್ಟು ಏನೋ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹುಡುಕೋಕೇ ವಾರ ಬೇಕು. ಒಂದೇ ಬದಲಾವಣೆ ಬಿಟ್ಟರೆ ಕಾರಣ ಕಣ್ಣೆದುರೇ ಇರುತ್ತೆ. ಅದಕ್ಕೇ ಒಳ್ಳೆ ತಂಡಗಳು ಸಣ್ಣ ಸಣ್ಣದಾಗಿ ಬಿಡ್ತವೆ. ಪರೀಕ್ಷೆ ಮಾಡೋ ಕೆಲಸ, ಸರ್ವರ್‌ಗೆ ಹಾಕೋ ಕೆಲಸ ಕೈಯಲ್ಲಿ ಮಾಡದೆ ಯಂತ್ರಕ್ಕೇ ಒಪ್ಪಿಸ್ತವೆ. ಮೊದಲು ನೂರರಲ್ಲಿ ಐದು ಜನಕ್ಕೆ ಕೊಟ್ಟು ನೋಡ್ತವೆ. ಕೆಟ್ಟರೆ ತಕ್ಷಣ ಹಿಂದಿನದಕ್ಕೆ ಮರಳೋ ದಾರಿ ಇಟ್ಟುಕೊಂಡಿರ್ತವೆ.

ಜಿನನಾಥಪುರದ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ಎರಡು ವಾರ ಕೋಡ್ ಮುಟ್ಟಬೇಡ. ಒಂದು ನೋಟ್‌ಬುಕ್, ಒಂದು ವಾಟ್ಸಾಪ್ ನಂಬರ್. ಸುತ್ತಮುತ್ತಲ ಊರಲ್ಲಿ ಕಾಯಿ ಕೀಳೋರು ನಾಲ್ಕು ಜನ, ಕೀಳಿಸಬೇಕಾದ ಮನೆ ಹತ್ತು ಹುಡುಕು. ನೀನೇ ಫೋನ್ ಮಾಡಿ ಜೋಡಿಸು. ಮರಕ್ಕೆ ಎಷ್ಟು ಕೇಳ್ತಾರೆ, ಯಾಕೆ ಬರಲ್ಲ, ಯಾವಾಗ ಕೈಕೊಡ್ತಾರೆ, ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದು, ಎಲ್ಲ ಬರೆದುಕೋ. ಕೀಳಿಸಿದವರು ಎರಡನೇ ಸಲ ತಾವೇ ಫೋನ್ ಮಾಡಿದ್ರೆ ಆಗ ಆಪ್ ಕಟ್ಟು. ಮಾಡಲಿಲ್ವಾ? ನಷ್ಟ ಎರಡು ವಾರ, ಅಷ್ಟೇ.

"ಹಾಗಾದ್ರೆ ಹದಿನಾಲ್ಕು ತಿಂಗಳು ವೇಸ್ಟಾ ಅಣ್ಣಾ?" ಅಂದ. ಕೋಡ್ ಬರೆಯೋದು ಕಲಿತಿದ್ದೀಯ, ಅದು ಎಲ್ಲೂ ಹೋಗಲ್ಲ. ಹದಿನೈದನೇ ತಿಂಗಳು ವೇಸ್ಟ್ ಮಾಡಬೇಡ ಅಂದೆ. ಬಾಗಿಲಲ್ಲಿ ನಿಂತಿದ್ದ ಅವರಪ್ಪ ಏನೂ ಮಾತಾಡಲಿಲ್ಲ. ಆದ್ರೆ ಮರ ಹತ್ತೋ ಒಬ್ಬರ ನಂಬರ್ ಅವರೇ ಮಗನಿಗೆ ಕೊಟ್ಟರು.

ನಿಮ್ಮ ಮನೆಯಲ್ಲೂ ಇಂಥ ಮಗ ಅಥವಾ ಮಗಳು ಲ್ಯಾಪ್‌ಟಾಪ್ ಮುಂದೆ ಕೂತಿರಬಹುದು. ಬೈಬೇಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ: "ಇದನ್ನ ಯಾರಿಗೆ ತೋರಿಸಿದ್ದೀಯ?"