ಮಾಳಿಗೆಗೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ?

ವಿದೇಶಿ ಭಾಷೆಯೊಂದು ಗೊತ್ತಿದ್ದರೆ ಕೆಲಸಕ್ಕೆ ಅನುಕೂಲ ಎಂದು ಸೀನಿಯರ್‌ಗಳು ಹೇಳಿದ್ದಕ್ಕೆ ಬಿ.ಇ. ಓದಿನ ಜೊತೆಗೆ ಮೊಬೈಲ್‌ನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಮನೆಗೆ ಅಲ್ಲಿ ‘ಕಾಸಾ’ ಎನ್ನುತ್ತಾರೆ. ಆದರೆ ಹಳ್ಳಿಮನೆಗಳಿಗೆ ಆ ಒಂದು ಪದ ಸಾಲದು. ದಕ್ಷಿಣದ ಆಂದಲೂಸಿಯಾದಲ್ಲಿ ಹೊಲದ ನಡುವಿನ ಒಕ್ಕಲು ಮನೆ ‘ಕೊರ್ತಿಹೊ’. ಕತಲೂನ್ಯಾದ ಕಲ್ಲಿನ ತೋಟದ ಮನೆ ‘ಮಸಿಯಾ’. ವಲೆನ್ಸಿಯಾದಲ್ಲಿ ಕಡಿದಾದ ಹುಲ್ಲಿನ ಚಾವಣಿಯ ಮನೆ ‘ಬರ್ರಾಕಾ’. ಉತ್ತರದ ಬಾಸ್ಕ್ ನಾಡಿನ ‘ಕಸೆರಿಯೊ’ದಲ್ಲಿ ದನಕ್ಕೂ ಜನಕ್ಕೂ ಒಂದೇ ಸೂರು.

ಯಾದಗಿರಿ ಜಿಲ್ಲೆಯ ನಮ್ಮ ಹತ್ತಿಕುಣಿ ಕಡೆ ಏನು ಕಡಿಮೆ? ಹುಲ್ಲು ಹೊದಿಸಿದರೆ ಗುಡಿಸಲು, ಮಣ್ಣು ಹೊದಿಸಿದರೆ ಮಾಳಿಗೆ, ಗೌಡರದಾದರೆ ವಾಡೆ. ಹಿರಿಯರು ಚದರ ಅಡಿ ಕೇಳುವುದಿಲ್ಲ, ‘ಎಷ್ಟು ಅಂಕಣದ ಮನಿ?’ ಎನ್ನುತ್ತಾರೆ. ಕೊಡಗಿನಲ್ಲಿ ಐನ್‌ಮನೆ, ತುಳುನಾಡಿನಲ್ಲಿ ಗುತ್ತಿನ ಮನೆ, ಹಳೇ ಮೈಸೂರಿನಲ್ಲಿ ತೊಟ್ಟಿ ಮನೆ. ಆಯಾ ನೆಲದ ಮಳೆ, ಬಿಸಿಲು, ಬದುಕು ಈ ಹೆಸರುಗಳಲ್ಲೇ ಇವೆ.

ನನಗೆ ಅಚ್ಚರಿ ತಂದದ್ದು ಗ್ರಾನಡಾ ಬಳಿಯ ಆಲ್ಪುಹಾರ್ರಾ ಬೆಟ್ಟಗಳು. ಅಲ್ಲಿಯ ಮನೆಗಳಿಗೂ ಚಪ್ಪಟೆ ಮಣ್ಣಿನ ಚಾವಣಿ! ಮರದ ತೊಲೆಗಳ ಮೇಲೆ ಕಲ್ಲುಚಪ್ಪಡಿ ಇಲ್ಲವೇ ಜೊಂಡು, ಅದರ ಮೇಲೆ ನೀರು ಇಳಿಯಗೊಡದ ‘ಲಾಉನಾ’ ಎಂಬ ಬೂದು ಮಣ್ಣು. ನಮ್ಮಲ್ಲಿ ತೊಲೆ, ಜಂತಿ, ಮೇಲೆ ಸೌಳು ಮಣ್ಣು. ಆ ಊರುಗಳನ್ನು ನೋಡಲು ಪ್ರವಾಸಿಗರು ಹೋಗುತ್ತಾರೆ. ನಮ್ಮ ಮಾಳಿಗೆಗೆ ಸರ್ಕಾರಿ ಕಾಗದದಲ್ಲಿ ಸ್ವಂತ ಹೆಸರೂ ಇಲ್ಲ. 2011ರ ಜನಗಣತಿಯಲ್ಲಿ ಹುಲ್ಲು, ಬಿದಿರು, ಮರ, ಮಣ್ಣು ಎಲ್ಲ ಚಾವಣಿಗೂ ಒಂದೇ ಕಾಲಂ. ಗುಡಿಸಲೂ ಮಾಳಿಗೆಯೂ ಅಲ್ಲಿ ಒಂದೇ!

ಮಾಳಿಗೆಯ ಕಷ್ಟವೂ ಸಣ್ಣದಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಬೇಕು, ಇಲ್ಲದಿದ್ದರೆ ಸೋರುತ್ತದೆ. ‘ವರ್ಷಾ ವರ್ಷಾ ಮಣ್ಣ ಹೊರೋರು ಯಾರು? ಸ್ಲ್ಯಾಬ್ ಹಾಕ್ಸಿಬಿಡು’ ಎನ್ನುತ್ತಾಳೆ ಅವ್ವ. ಹೊರುವವಳು ಅವಳೇ ಆದ್ದರಿಂದ ಅವಳ ಮಾತು ತಳ್ಳಿಹಾಕುವಂತಿಲ್ಲ. ಆದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ದಪ್ಪ ಮಣ್ಣು ಬಿಸಿಲನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ತೆಳು ಸ್ಲ್ಯಾಬ್ ಹಗಲು ಕುಡಿದ ಬಿಸಿಯನ್ನು ರಾತ್ರಿ ಮಲಗಿದವರ ಮೇಲೆ ಇಳಿಸುತ್ತದೆ. ಸೋರದ, ವರ್ಷಾ ಮಣ್ಣು ಕೇಳದ ಮಾಳಿಗೆ ಮಾಡುವುದು ಹೇಗೆ? ಎಂಜಿನಿಯರಿಂಗ್ ಓದುವ ನಾವು ಬಿಡಿಸಬೇಕಾದ ಲೆಕ್ಕ ಇದು.

ಮುಂದಿನ ವರ್ಷ ನಮ್ಮ ಮನೆಗೂ ಸ್ಲ್ಯಾಬ್ ಬರಬಹುದು. ಅದಕ್ಕೆ ಮೊದಲು ಈ ರಜೆಯಲ್ಲಿ ಅಜ್ಜನನ್ನು ಕೂರಿಸಿಕೊಂಡು ಅಂಕಣ ಅಂಕಣವಾಗಿ ಅಳೆದು ನಕ್ಷೆ ಬರೆಯಲಿದ್ದೇನೆ. ತೊಲೆ, ಜಂತಿ, ಬೆಳಕಿಂಡಿ, ಪಡಸಾಲೆ ಪ್ರತಿಯೊಂದರ ಹೆಸರೂ ಅದರಲ್ಲಿರುತ್ತದೆ. ಗೆಳೆಯರೇ, ನಿಮ್ಮೂರಿನ ಮನೆಗಳಿಗೆ ಏನೆನ್ನುತ್ತಾರೆ? ಹೇಳುವವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.