ಪಂಚಮಿಯ ಜೋಕಾಲಿಯೂ ತೆರೆಯ ಸವಾರಿಯೂ

ಶ್ರಾವಣ ಮಾಸದ ನಾಗರ ಪಂಚಮಿ ಬಂತೆಂದರೆ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಜೋಕಾಲಿಯ ಸಂಭ್ರಮ. ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯ ಸೀಮೆಯಲ್ಲಿ ಮರದ ಗಟ್ಟಿ ಕೊಂಬೆಗೆ ಹಗ್ಗ ಬಿಗಿದು, ಮಣೆಯ ಮೇಲೆ ನಿಂತು ಜೀಕುವವರ ಆನಂದಕ್ಕೆ ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ನಗರಗಳ ಕಡೆಗೆ ಬಂದರೆ, ಅದೇ ಆನಂದವನ್ನು ಟಿಕೆಟ್ಟಿಗೆ ಮಾರುವ ವಿನೋದೋದ್ಯಾನಗಳುಂಟು. ಬಿಡದಿಯ ಸಮೀಪದಲ್ಲಿ 2005ರಲ್ಲಿ ಆರಂಭವಾದ ವಂಡರ್‌ಲಾ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಅಲ್ಲಿನ ‘ರಿಕಾಯಿಲ್’ ಎಂಬುದು ಹಳಿಯ ಮೇಲೆ ಮುಂದಕ್ಕೂ ಹಿಂದಕ್ಕೂ ಓಡುವ ನಿಜವಾದ ಬಂಡಿ. ‘ಮಿಷನ್ ಇಂಟರ್‌ಸ್ಟೆಲ್ಲಾರ್’ ಎಂಬುದರಲ್ಲಾದರೋ ಕುಳಿತವರ ಎದುರಿಗೆ ಬೃಹತ್ತಾದ ತೆರೆಯಿದ್ದು, ಅದರ ಮೇಲಿನ ಚಿತ್ರವೇ ಅವರನ್ನು ಅಂತರಿಕ್ಷಕ್ಕೆ ಕೊಂಡೊಯ್ಯುತ್ತದೆ.

ಈ ಎರಡು ಬಗೆಗಳಲ್ಲಿ ಯಾವುದು ಮೇಲೆಂಬ ವಿಷಯದಲ್ಲಿ ಇಂತಹ ಉದ್ಯಾನಗಳ ಅಭಿಮಾನಿಗಳು ಬಹುಕಾಲದಿಂದ ವಾದಿಸುತ್ತಿದ್ದಾರೆ. ಅಮೆರಿಕದ ಒರ್ಲಾಂಡೋ ನಗರದ ಯೂನಿವರ್ಸಲ್ ಉದ್ಯಾನಗಳಲ್ಲಿ 1999ರಲ್ಲಿ ಬಂದ ‘ಸ್ಪೈಡರ್‌ಮ್ಯಾನ್’ ಸವಾರಿಯನ್ನು ಎಲ್ಲರೂ ಹೊಗಳಿದರು. ಅನಂತರ ತೆರೆಯ ಸವಾರಿಗಳು ಒಂದರ ಹಿಂದೊಂದು ಬಂದು, 2018ರಲ್ಲಿ ‘ಫಾಸ್ಟ್ ಅಂಡ್ ಫ್ಯೂರಿಯಸ್’ ಸೇರಿದಾಗ, ‘ಸಿನಿಮಾ ನೋಡಲು ಇಷ್ಟು ದೂರ ಬರಬೇಕೆ?’ ಎಂಬ ಆಕ್ಷೇಪವೆದ್ದಿತು. ಮರುವರ್ಷ ಅಲ್ಲಿಯೇ ಹಳಿಯ ಮೇಲೆ ಓಡುವ ‘ಹ್ಯಾಗ್ರಿಡ್’ ಬಂಡಿ ಆರಂಭವಾದಾಗ ಅಭಿಮಾನಿಗಳು ಹರ್ಷಿಸಿದರು. ಇದು ಕೇವಲ ರುಚಿಭೇದವೇ, ಅಥವಾ ಇದಕ್ಕೆ ಭೌತಶಾಸ್ತ್ರದ ಆಧಾರವೇನಾದರೂ ಉಂಟೇ? ನಾವು ಇಲ್ಲಿ ವಿಚಾರಿಸಬೇಕಾದುದು ಇದನ್ನೇ.

ಮೊದಲು ಕಣ್ಣಿನ ಮಾತು. ಹುಬ್ಬಳ್ಳಿಯ ನಿಲ್ದಾಣದಲ್ಲಿ ನಿಂತ ರೈಲಿನೊಳಗೆ ಕುಳಿತಿರುವಾಗ ಪಕ್ಕದ ಗಾಡಿ ಹೊರಟರೆ, ನಮ್ಮ ಗಾಡಿಯೇ ಹೊರಟಂತೆ ತೋರುವುದಷ್ಟೆ. ಸುತ್ತಲಿನ ದೃಶ್ಯವೆಲ್ಲ ಒಂದೇ ಕಡೆಗೆ ಸರಿದರೆ, ಚಲಿಸುತ್ತಿರುವವರು ನಾವೇ ಎಂದು ಮೆದುಳು ತೀರ್ಮಾನಿಸುತ್ತದೆ. ಈ ಭ್ರಮೆಯನ್ನು ಮಾರಾಟದ ಸರಕಾಗಿ ಮಾಡಿದ್ದು ಇಂದು ನಿನ್ನೆಯಲ್ಲ. 1894ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಪ್ರದರ್ಶನದಲ್ಲಿ ‘ದೆವ್ವದ ಜೋಕಾಲಿ’ ಎಂಬುದೊಂದಿದ್ದಿತು. ಮೇಜು, ಕುರ್ಚಿ, ಚಿತ್ರಪಟಗಳನ್ನೆಲ್ಲ ಬಿಗಿದಿರಿಸಿದ ಕೋಣೆಯ ನಡುವೆ ಜನರು ಜೋಕಾಲಿಯಲ್ಲಿ ಕೂಡುತ್ತಿದ್ದರು. ತೂಗುತ್ತಿದ್ದುದು ಜೋಕಾಲಿಯಲ್ಲ, ಕೋಣೆ! ಕೊನೆಗೆ ಕೋಣೆಯು ಪೂರ್ತಿ ಒಂದು ಸುತ್ತು ತಿರುಗಿದಾಗ, ತಾವು ತಲೆಕೆಳಗಾದೆವೆಂದು ಕುಳಿತವರು ಆಸನವನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಆರ್. ಡಬ್ಲ್ಯೂ. ವುಡ್ ಎಂಬ ಪ್ರಸಿದ್ಧ ಭೌತವಿಜ್ಞಾನಿಯು ಇದನ್ನು 1895ರಲ್ಲಿ ವರ್ಣಿಸಿದ್ದಾನೆ. ಇಂದಿನ ತೆರೆಯ ಸವಾರಿಗಳು ಈ ಕೋಣೆಯ ವಂಶದವೇ.

ಆದರೆ ಚಲನೆಗೆ ಕಣ್ಣೊಂದೇ ಸಾಕ್ಷಿಯಲ್ಲ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿದ್ದು, ಅವು ತಲೆಯ ತಿರುಗುವಿಕೆಯನ್ನು ಅರಿಯುತ್ತವೆ. ಅವುಗಳ ಪಕ್ಕದ ಎರಡು ಚೀಲಗಳಲ್ಲಿನ ಸೂಕ್ಷ್ಮವಾದ ಸುಣ್ಣದ ಕಣಗಳು ಗುರುತ್ವವನ್ನೂ ವೇಗೋತ್ಕರ್ಷವನ್ನೂ ಸೂಚಿಸುತ್ತವೆ. ಒಂದೇ ಸಮನಾದ ವೇಗವನ್ನು ಕಿವಿ ಅರಿಯಲಾರದು. ವೇಗದ ಬದಲಾವಣೆಯನ್ನು ಮಾತ್ರ ಅರಿಯಬಲ್ಲುದು. ಆದುದರಿಂದ ಎಷ್ಟು ಭಾರಿ ವೇಗವನ್ನಾದರೂ ತೆರೆಯ ಮೇಲೆ ತೋರಿಸಿ ನಂಬಿಸಬಹುದು. ಹೊರಡುವಾಗ, ನಿಲ್ಲುವಾಗ, ತಿರುವಿನಲ್ಲಿ ಹೊರಳುವಾಗ ಮಾತ್ರ ಕಿವಿಯು ತನ್ನ ಪಾಲನ್ನು ಕೇಳುತ್ತದೆ.

ಅದಕ್ಕೂ ಯಂತ್ರಶಿಲ್ಪಿಗಳು ಉಪಾಯ ಹೂಡಿದ್ದಾರೆ. ಗುರುತ್ವವನ್ನೂ ವೇಗೋತ್ಕರ್ಷವನ್ನೂ ಬೇರೆ ಬೇರೆಯಾಗಿ ಗುರುತಿಸಲು ಆ ಸುಣ್ಣದ ಕಣಗಳಿಗೆ ಸಾಧ್ಯವಿಲ್ಲ. ಆಸನವನ್ನು ಮೆಲ್ಲನೆ 20 ಡಿಗ್ರಿ ಹಿಂದಕ್ಕೆ ವಾಲಿಸಿ, ತೆರೆಯ ದೃಶ್ಯವನ್ನು ಮಟ್ಟವಾಗಿಯೇ ತೋರಿಸಿದರೆ, ಗುರುತ್ವದ ಶೇಕಡಾ 34ರಷ್ಟು ಭಾಗವು ಬೆನ್ನನ್ನು ಒತ್ತಿ, ಬಂಡಿ ಮುನ್ನುಗ್ಗಿತೆಂಬ ಭಾವನೆಯನ್ನುಂಟುಮಾಡುತ್ತದೆ. ಆದರೆ ವಾಲಿಸುವ ಗತಿಯು ಸೆಕೆಂಡಿಗೆ ಸುಮಾರು 3 ಡಿಗ್ರಿಯನ್ನು ಮೀರಿದರೆ ಅರ್ಧವೃತ್ತಾಕಾರದ ನಾಳಗಳು ಮೋಸವನ್ನು ಕಂಡುಹಿಡಿಯುತ್ತವೆ. ಎಂದರೆ 20 ಡಿಗ್ರಿ ವಾಲಲು ಸುಮಾರು 7 ಸೆಕೆಂಡು ಬೇಕು. ಕಣ್ಣಿನ ಹೇಳಿಕೆಗೂ ಕಿವಿಯ ಹೇಳಿಕೆಗೂ ತಾಳೆಯಾಗದಿದ್ದರೆ ಹಲವರಿಗೆ ವಾಕರಿಕೆ ಬರುವುದುಂಟು.

ಇನ್ನೂ ದೊಡ್ಡ ತೊಡಕೊಂದಿದೆ. ಎಷ್ಟು ವಾಲಿಸಿದರೂ ಆಸನವು ನಮ್ಮನ್ನು ಒತ್ತುವ ಒಟ್ಟು ಬಲವು ನಮ್ಮ ತೂಕದಷ್ಟೇ. ಅದು ಹೆಚ್ಚೂ ಆಗದು, ಕಡಿಮೆಯೂ ಆಗದು. ನಿಜವಾಗಿ ತೂಕವಿಲ್ಲದ ಅನುಭವ ಬೇಕಾದರೆ ಬೀಳಲೇಬೇಕು. ನಿಶ್ಚಲಸ್ಥಿತಿಯಿಂದ ಬಿದ್ದರೆ 1 ಸೆಕೆಂಡಿಗೆ 4.9 ಮೀಟರು, 3 ಸೆಕೆಂಡಿಗೆ 44 ಮೀಟರು. ಕೋಣೆಯೊಳಗಿನ ಆಸನಕ್ಕೆ ಅಷ್ಟು ಅವಕಾಶವೆಲ್ಲಿ?

ಈಗ ನಮ್ಮ ಜೋಕಾಲಿಯನ್ನು ನೋಡೋಣ. ಹಗ್ಗವು ನೆಟ್ಟಗಿನ ಸ್ಥಿತಿಯಿಂದ 60 ಡಿಗ್ರಿ ದೂರದವರೆಗೆ ಹೋಗುವಂತೆ ಜೀಕಿದರೆ, ಮಣೆಯು ಹಗ್ಗದ ಉದ್ದದ ಅರ್ಧದಷ್ಟು ಮೇಲೇರುತ್ತದೆ. ಆ ತುದಿಯಲ್ಲಿ ಮಣೆಯು ನಮ್ಮ ತೂಕದ ಅರ್ಧವನ್ನು ಮಾತ್ರ ಹೊರುತ್ತದೆ. ಎದೆ ಝಲ್ಲೆನ್ನುವುದು ಅದರಿಂದಲೇ. ಅಲ್ಲಿಂದ ಇಳಿದು ಕೆಳಬಿಂದುವಿಗೆ ಬಂದಾಗ ವೇಗದ ವರ್ಗವು ಗುರುತ್ವದ ವೇಗೋತ್ಕರ್ಷ ಮತ್ತು ಹಗ್ಗದ ಉದ್ದ ಇವುಗಳ ಗುಣಲಬ್ಧಕ್ಕೆ ಸಮವಾಗುತ್ತದೆ. ವೃತ್ತದಲ್ಲಿ ತಿರುಗಿಸಲು ಬೇಕಾದ ಬಲವೇ ನಮ್ಮ ತೂಕದಷ್ಟಾಗಿ, ಸ್ವಂತ ತೂಕವೂ ಕೂಡಿ, ಒಟ್ಟು ಎರಡು ಪಟ್ಟಾಗುತ್ತದೆ. ಹಗ್ಗ ಉದ್ದವಿರಲಿ, ಗಿಡ್ಡವಿರಲಿ, ಲೆಕ್ಕ ಒಂದೇ. ತೆರೆಯ ಮುಂದಿನ ವಾಲುವ ಆಸನವು ಇಂತಹ ಏರಿಳಿತವನ್ನು ಕೊಡಲಾರದು.

ಹಾಗೆಂದು ತೆರೆಯ ಸವಾರಿಯನ್ನು ಹಳಿಯುವುದು ಸರಿಯಲ್ಲ. ಅದಕ್ಕೆ ಸ್ಥಳ ಕಡಿಮೆ ಸಾಕು. ಸೂರಿನಡಿಯಲ್ಲಿರುವುದರಿಂದ ಮಳೆಯ ಭಯವಿಲ್ಲ. ಚಿತ್ರವನ್ನು ಬದಲಿಸಿ ಹೊಸತು ಮಾಡಬಹುದು. ಡಿಸ್ನಿಲ್ಯಾಂಡಿನಲ್ಲಿ 1987ರಲ್ಲಿ ತೆರೆದ ‘ಸ್ಟಾರ್ ಟೂರ್ಸ್’ 2011ರಲ್ಲಿ ಹೊಸ ಚಿತ್ರಗಳೊಂದಿಗೆ ಮರಳಿತು. ಗ್ರಹಗಳ ನಡುವೆ ಸಂಚರಿಸುವ ನೋಟವನ್ನು ಯಾವ ಜೋಕಾಲಿಯೂ ತೋರಿಸಲಾರದು. ಕಣ್ಣಿಗೆ ಬೇಕಾದುದನ್ನು ತೆರೆಯೂ, ಮೈಗೆ ಬೇಕಾದುದನ್ನು ಹಳಿಯೂ ಕೊಡಬೇಕು. ಎಲ್ಲವನ್ನೂ ತೆರೆಗೇ ಒಪ್ಪಿಸಿದರೆ ಅಭಿಮಾನಿಗಳು ಮುನಿಯುವುದರಲ್ಲಿ ನ್ಯಾಯವಿದೆ. ಅವರ ಒಳಕಿವಿಯೇ ಅವರ ಪರವಾಗಿ ಸಾಕ್ಷಿ ಹೇಳುತ್ತದೆ.

ನಿಜವಾದ ಚಲನೆಗೆ ನಿಜವಾದ ಅಪಾಯವೂ ಅಂಟಿಕೊಂಡಿದೆ ಎಂಬುದನ್ನು ಮರೆಯಬಾರದು. ತಲಾ 50 ಕಿಲೋಗ್ರಾಂ ತೂಗುವ ಇಬ್ಬರು ಹುಡುಗರು 60 ಡಿಗ್ರಿಯವರೆಗೆ ಜೀಕಿದರೆ, ಹಗ್ಗವೂ ಕೊಂಬೆಯೂ ತಡೆಯಬೇಕಾದುದು 100 ಅಲ್ಲ, 200 ಕಿಲೋಗ್ರಾಂ ಭಾರ. 90 ಡಿಗ್ರಿಗೆ ಏರಿದರೆ 300. ಇಬ್ಬರು ಜೋತುಬಿದ್ದು ನೋಡಿದಾಗ ಹಗ್ಗ ಹರಿಯಲಿಲ್ಲವೆಂದ ಮಾತ್ರಕ್ಕೆ ಅದು ಸಾಕಷ್ಟು ಗಟ್ಟಿಯೆನ್ನಲಾಗದು.

ನಮ್ಮ ಮಾತನ್ನು ನೀವು ಸುಮ್ಮನೆ ನಂಬಬೇಕಾಗಿಲ್ಲ. ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿಯನ್ನು ಕಂಬಿಗೆ ತೂಗುಹಾಕಿ, ಅದರ ಕೊಕ್ಕೆಗೆ ದಾರದಿಂದ 200 ಗ್ರಾಂ ಬೊಟ್ಟನ್ನು ಕಟ್ಟಿ, 60 ಡಿಗ್ರಿ ಪಕ್ಕಕ್ಕೆಳೆದು ಬಿಡಿರಿ. ಬೊಟ್ಟು ಕೆಳಬಿಂದುವನ್ನು ಹಾಯುವಾಗ ಮುಳ್ಳು 400ರ ಸಮೀಪಕ್ಕೆ ಜಿಗಿಯುವುದನ್ನು ಕಾಣುವಿರಿ. ಮುಂದಿನ ಪಂಚಮಿಗೆ ಹಗ್ಗವನ್ನು ಆರಿಸುವ ಮುನ್ನ ಈ ಪ್ರಯೋಗವನ್ನು ಮನೆಯ ಹಿರಿಯರಿಗೂ ತೋರಿಸಿರಿ.